ಎಮರ್ಜೆನ್ಸಿ ವಾರ್ಡಿನಲ್ಲಿ 'ಯಾವ ಯೂನಿಟ್?' ಅಂತ ಕೇಳೋರು ಬೇಕು

ಕಳೆದ ವಾರದ ವಿಡಿಯೋದ ಬರಹ ರೂಪ ಇದು. ಮಾತಾಡುವಾಗ ಅವಸರದಲ್ಲಿ ಹೇಳಿದ ಅಂಕಿಗಳನ್ನ ಇಲ್ಲಿ ಬಿಡಿಸಿ ಬರೆದಿದ್ದೀನಿ. ಓಎಂಆರ್‌ನಲ್ಲಿ, ಪೋರೂರಿನಲ್ಲಿ, ಸಿರುಸೇರಿಯಲ್ಲಿ ರೂಮು ಮಾಡಿಕೊಂಡಿರೋ ನಮ್ಮೋರಿಗೆ ಒಂದು ದಿನ ಇದು ಬೇಕಾಗಬಹುದು. ಬೇಡವಾದ್ರೆ ಇನ್ನೂ ಒಳ್ಳೇದು.

ವಿಷಯ ಇಷ್ಟು: ಮಾಜಿ ಸೈನಿಕರೊಬ್ಬರು ಕುಡಿದು ಬಿದ್ದು ಆಸ್ಪತ್ರೆಯ ಎಮರ್ಜೆನ್ಸಿಗೆ ಬಂದಾಗ, ಡಾಕ್ಟರು, ನರ್ಸು, ಮನೆಯವರು ಬಿಟ್ಟು ಇನ್ನೂ ಒಬ್ಬರು ಆ ಮಂಚದ ಪಕ್ಕ ಇರಬೇಕು. ಅವರೂ ಫೌಜಿಯೇ ಆಗಿರಬೇಕು, ಅವರೂ ಕುಡಿದು ಬಿಟ್ಟವರಾಗಿರಬೇಕು. ಇದಕ್ಕೆ ಪೀರ್ ಸಪೋರ್ಟ್ ಅಂತಾರೆ. ಕನ್ನಡದಲ್ಲಿ ಸಮಾನ ಅನುಭವಿಗಳ ಆಸರೆ ಅನ್ನಬಹುದು. ನಾನು ಡಾಕ್ಟರ್ ಅಲ್ಲ, ಎಂಟೆಕ್ ಮಾಡಿ ಕೋಡ್ ಬರೆಯೋನು. ಈ ವಿಷಯಕ್ಕೆ ಬಂದಿದ್ದು ನಮ್ಮ ಸೋದರಮಾವನಿಂದ. ಅವರ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ. "ಹೇಳ್ಲಾ, ಆದ್ರೆ ನಿನ್ನ ತಪ್ಪೂ ಸೇರಿಸಿ ಹೇಳು" ಅಂದ್ರು. ಸೇರಿಸಿದ್ದೀನಿ.

ಟಿಕೆಟ್ ಕ್ಲೋಸ್, ಬಗ್ ಹಾಗೇ

ಮಾವ ಹಾಸನ ಕಡೆಯವರು. ಬೆಂಗಳೂರಿನ ಎಂಇಜಿ, ಅಂದ್ರೆ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ 24 ವರ್ಷ ಇದ್ದು ಹವಾಲ್ದಾರ್ ಆಗಿ ರಿಟೈರ್ ಆದ್ರು. ಆಗ ಅವರಿಗೆ 43 ವರ್ಷ. ನಮ್ಮ ಕಡೆ ಆ ವಯಸ್ಸಿಗೆ ಜನ ಮಗಳ ಮದುವೆ ಬಗ್ಗೆ ಯೋಚನೆ ಶುರು ಮಾಡ್ತಾರೆ, ಫೌಜಿಗೆ ಅದು ನಿವೃತ್ತಿ. ಚೆನ್ನೈನಲ್ಲಿ ಒಂದು ಟೆಕ್ ಪಾರ್ಕಿನ ಸೆಕ್ಯೂರಿಟಿ ಸೂಪರ್‌ವೈಸರ್ ಆಗಿ ಬಂದ್ರು. ನಾವು ಬ್ಯಾಡ್ಜ್ ತೋರಿಸಿ ಒಳಗೆ ಹೋಗುವಾಗ ಗೇಟಿನಲ್ಲಿ ನೆಟ್ಟಗೆ ನಿಂತಿರ್ತಾರಲ್ಲ, ಅವರಲ್ಲಿ ಎಷ್ಟು ಜನ ಹೀಗೆ ಬಂದವರು ಅಂತ ಒಂದ್ಸಲ ವಿಚಾರಿಸಿ ನೋಡಿ.

ಮೊದಲನೇ ಸಲ ಮಾವ ಬಿದ್ದಿದ್ದು ರೂಮಿನ ಮೆಟ್ಟಿಲಲ್ಲಿ. ಹಣೆ ಒಡೆದಿತ್ತು. ಹತ್ತಿರದ ಒಂದು ಆಸ್ಪತ್ರೆಗೆ ಕರ್ಕೊಂಡು ಹೋದೆ. ಆರು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್, ಒಂದು ಬಿಲ್ಲು. ಬಾಯಲ್ಲಿ ರಮ್ಮಿನ ವಾಸನೆ ಇಡೀ ವಾರ್ಡಿಗೆ ಬರ್ತಿತ್ತು. ಯಾರೂ ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಎರಡು ಗಂಟೆಯಲ್ಲಿ ಮನೆಗೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಟಿಕೆಟ್ ಕ್ಲೋಸ್ ಆಯ್ತು, ಬಗ್ ಹಾಗೇ ಉಳೀತು.

ಅವರದ್ದು ಪೂರ್ತಿ ತಪ್ಪು ಅನ್ನೋಕೂ ಆಗಲ್ಲ. ಎಮರ್ಜೆನ್ಸಿಯ ಕೆಲಸವೇ ಜೀವಕ್ಕೆ ಅಪಾಯ ಇರೋರನ್ನ ಮೊದಲು ನೋಡೋದು. ತಮಿಳುನಾಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಬಂದವರನ್ನ ಕೆಂಪು, ಹಳದಿ, ಹಸಿರು ಅಂತ ವಿಂಗಡಿಸ್ತಾರೆ. ಹಣೆ ಒಡೆದು ಮಾತಾಡ್ತಾ ಇರೋನು ಹಸಿರು. ಹಸಿರಿನವನ ಹತ್ತಿರ ಕೂತು ಕುಡಿತದ ಬಗ್ಗೆ ಅರ್ಧ ಗಂಟೆ ಮಾತಾಡೋಕೆ ಯಾರಿಗೆ ಪುರುಸೊತ್ತು?

ಆ ಅರ್ಧ ಗಂಟೆಗೆ ಎಷ್ಟು ಬೆಲೆ?

ಇದಕ್ಕೆ ಉತ್ತರ ಇದೆ. ಅಮೆರಿಕದ ಸಿಯಾಟಲ್‌ನ ಟ್ರಾಮಾ ಕೇಂದ್ರವೊಂದರಲ್ಲಿ ಗಾಯಗೊಂಡು ಬಂದ, ಜಾಸ್ತಿ ಕುಡಿಯುವ 762 ಜನರ ಮೇಲೆ ಒಂದು ಅಧ್ಯಯನ ನಡೆದು 1999ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ. ಇನ್ನರ್ಧ ಜನಕ್ಕೆ ಅದರ ಜೊತೆ, ಡಿಸ್ಚಾರ್ಜಿಗೆ ಮುಂಚೆ, ಸುಮಾರು ಅರ್ಧ ಗಂಟೆಯ ಒಂದೇ ಒಂದು ಮಾತುಕತೆ. ಬೈಗುಳ ಇಲ್ಲ, ಉಪದೇಶ ಇಲ್ಲ. ಮಾತುಕತೆ ಸಿಕ್ಕವರಲ್ಲಿ ಮತ್ತೆ ಗಾಯ ಮಾಡಿಕೊಂಡು ಎಮರ್ಜೆನ್ಸಿಗೆ ಬರೋದು 47% ಕಡಿಮೆಯಾಯಿತು. ಇಂಥ ಕೆಲಸಗಳ ಆಧಾರದ ಮೇಲೆ ಅಲ್ಲಿನ ದೊಡ್ಡ ಟ್ರಾಮಾ ಕೇಂದ್ರಗಳು ಕುಡಿತದ ಬಗ್ಗೆ ಕೇಳಲೇಬೇಕು ಅಂತ ನಿಯಮ ಆಯ್ತು.

ನಮ್ಮಲ್ಲೂ ಇದನ್ನ ನೋಡಿದ್ದಾರೆ. ಮದ್ಯಕ್ಕೂ ಎಮರ್ಜೆನ್ಸಿಗೆ ಬರುವ ಗಾಯಕ್ಕೂ ಇರೋ ನಂಟನ್ನ ತಿಳಿಯೋಕೆ ವಿಶ್ವ ಆರೋಗ್ಯ ಸಂಸ್ಥೆ 12 ದೇಶಗಳಲ್ಲಿ ಅಧ್ಯಯನ ಮಾಡಿಸಿದಾಗ ಭಾರತದ ಕೇಂದ್ರ ಆಗಿದ್ದು ಬೆಂಗಳೂರು, ಕೆಲಸ ಮಾಡಿದವರು ನಿಮ್ಹಾನ್ಸ್‌ನವರು.

ದೇಶದ ಲೆಕ್ಕ ಕೂಡ ನೋಡಿ. 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಸುಮಾರು 16 ಕೋಟಿ ಜನ ಕುಡೀತಾರೆ. 5.7 ಕೋಟಿ ಜನರಿಗೆ ಅದು ಸಮಸ್ಯೆಯ ಮಟ್ಟಕ್ಕೆ ಹೋಗಿದೆ. ಮದ್ಯಕ್ಕೆ ಪೂರ್ತಿ ಅಂಟಿಕೊಂಡವರಲ್ಲಿ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನ ಡಿ-ಅಡಿಕ್ಷನ್ ಸೆಂಟರಿನ ಬಾಗಿಲು ಹತ್ತಿಲ್ಲ. ಆದರೆ ಬಿದ್ದಾಗ, ರಕ್ತ ವಾಂತಿ ಆದಾಗ ಎಮರ್ಜೆನ್ಸಿಯ ಬಾಗಿಲಿಗೆ ಬಂದೇ ಬರ್ತಾರೆ. ಅದು ಅವರು ತಾವಾಗಿ ತೆರೆದು ಬರುವ ಒಂದೇ ಬಾಗಿಲು.

ನಾನು ಮಾಡಿದ ತಪ್ಪು

ಎಂಟು ತಿಂಗಳ ನಂತರ ಎರಡನೇ ಸಲ. ಶುಕ್ರವಾರ ರಾತ್ರಿ ಒಂಬತ್ತಕ್ಕೆ ಕೊನೆಯ ಗ್ಲಾಸು, ಹತ್ತಕ್ಕೆ ಮತ್ತೆ ಅದೇ ಮೆಟ್ಟಿಲು. ಈ ಸಲ ಕಾಲಿನ ಮೂಳೆ ಮುರಿದಿತ್ತು, ಬೇರೆ ಆಸ್ಪತ್ರೆಗೆ ಸೇರಿಸಿದೆ. ಡ್ಯೂಟಿ ಡಾಕ್ಟರ್, ಚಿಕ್ಕ ವಯಸ್ಸಿನ ಹೆಣ್ಣುಮಗಳು, ನನ್ನನ್ನ ನೇರವಾಗಿ ಕೇಳಿದರು: "ದಿನಾ ಕುಡೀತಾರಾ?"

ನಾನು "ಅಪರೂಪಕ್ಕೆ, ಪಾರ್ಟಿಗೆ ಮಾತ್ರ" ಅಂದೆ.

ಯಾಕಂದೆ? ಒಂದು, ಮರ್ಯಾದೆ. ಎರಡು, ಇನ್ಶೂರೆನ್ಸ್ ಕ್ಲೇಮ್ ಹೋಗುತ್ತೆ ಅನ್ನೋ ಭಯ. ಆ ಪಾಲಿಸಿ ನನ್ನ ಹೆಸರಲ್ಲಿ ಕೂಡ ಇರಲಿಲ್ಲ, ಆದರೂ ಆ ಭಯ ಮೊದಲು ಬಂತು.

ಭಾನುವಾರ ರಾತ್ರಿ ಮಾವನ ಕೈ ನಡುಗೋಕೆ ಶುರುವಾಯ್ತು. ಮೈಯೆಲ್ಲ ಬೆವರು. ಹನ್ನೊಂದರ ಹೊತ್ತಿಗೆ ಗೋಡೆ ಕಡೆ ತಿರುಗಿ ಯಾರನ್ನೋ ಹಿಂದಿಯಲ್ಲಿ ಗದರಿಸ್ತಾ ಇದ್ದರು, ಸಂತ್ರಿ ಯಾಕೆ ಬದಲಾಗಿಲ್ಲ ಅಂತ. ಕಾಲಿಗೆ ಕಟ್ಟು ಹಾಕಿದ್ದನ್ನ ಮರೆತು ಎದ್ದು ನಿಲ್ಲೋಕೆ ನೋಡಿದರು. ನಾಲ್ಕು ಜನ ಹಿಡಿದುಕೊಂಡರು. ನನ್ನ ಮುಖ ನೋಡಿ "ಆಪ್ ಕೌನ್?" ಅಂದ್ರು. ಎತ್ತಿ ಆಡಿಸಿದ ಮಾವ.

ಅದೇ ಡಾಕ್ಟರ್ ಓಡಿ ಬಂದು ಮತ್ತೆ ಕೇಳಿದರು: "ಈಗ ನಿಜ ಹೇಳಿ." ಹೇಳಿದೆ. ದಿನಾ ಒಂದು ಕ್ವಾರ್ಟರ್, ಇಪ್ಪತ್ತು ವರ್ಷದಿಂದ.

ಈ ಭಾಗವನ್ನ ದಯವಿಟ್ಟು ನೆನಪಿಟ್ಟುಕೊಳ್ಳಿ. ವರ್ಷಗಟ್ಟಲೆ ದಿನಾ ಕುಡಿಯುವವರು ಒಂದೇ ಸಲ ನಿಲ್ಲಿಸಿದರೆ, ಕೊನೆಯ ಗ್ಲಾಸಿನಿಂದ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ನಿದ್ದೆ ಬಾರದಿರೋದು ಶುರುವಾಗುತ್ತೆ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಯ ನಡುವೆ, ಅಂದ್ರೆ ಮೂರನೇ ನಾಲ್ಕನೇ ದಿನ, ಕೆಲವರಿಗೆ ಭ್ರಮೆ ಬರುತ್ತೆ, ಇದಕ್ಕೆ ಡೆಲಿರಿಯಮ್ ಟ್ರೆಮೆನ್ಸ್ ಅಂತಾರೆ. ಚಿಕಿತ್ಸೆ ಕೊಡದಿದ್ದರೆ ಜೀವ ಹೋಗಬಹುದು. ಮೊದಲೇ ಗೊತ್ತಿದ್ದರೆ ತಡೆಯೋಕೆ ಔಷಧಿ ಇದೆ, ಬಿ1 ವಿಟಮಿನ್ ಅಂದ್ರೆ ಥಯಮಿನ್ ಕೂಡ ಕೊಡ್ತಾರೆ. ಡಾಕ್ಟರಿಗೆ ಗೊತ್ತಿರಲಿಲ್ಲ, ಯಾಕಂದ್ರೆ ನಾನು ಹೇಳಿರಲಿಲ್ಲ. ಹಾಗಾಗಿ "ನಾಳೆಯಿಂದ ಬಂದ್, ರೂಮಲ್ಲಿ ಕೂಡಿಹಾಕಿ ಬಿಡಿಸ್ತೀವಿ" ಅನ್ನೋ ಮನೆವೈದ್ಯ ಬೇಡವೇ ಬೇಡ. ನಿಲ್ಲಿಸಬೇಕು, ಡಾಕ್ಟರ ಕಣ್ಣ ಮುಂದೆ ನಿಲ್ಲಿಸಬೇಕು.

ಇನ್ಶೂರೆನ್ಸ್ ವಿಷಯ: ಪಾಲಿಸಿಗಳಲ್ಲಿ ಮದ್ಯಪಾನದ ಚಿಕಿತ್ಸೆಗೆ ವಿನಾಯಿತಿ ಷರತ್ತು ಇರೋದು ನಿಜ. ಇನ್ನೊಂದು ಕಡೆ 2017ರ ಮಾನಸಿಕ ಆರೋಗ್ಯ ಕಾಯ್ದೆ, ಮದ್ಯದ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ, ದೈಹಿಕ ಕಾಯಿಲೆಯಂತೆಯೇ ವಿಮೆ ಕೊಡಬೇಕು ಅಂತಲೂ ಹೇಳುತ್ತೆ. ಈ ಜಗಳ ಆಮೇಲೆ ಆಡಬಹುದು. ಮಂಚದ ಪಕ್ಕ ನಿಂತು ಡಾಕ್ಟರಿಗೆ ಸುಳ್ಳು ಹೇಳಬೇಡಿ.

ಸುಬೇದಾರ್ ಸಾಹೇಬರು

ಬುಧವಾರ ಮಾವ ತಿಳಿಯಾದ್ರು. ಡಾಕ್ಟರ್ ಮಾತಾಡಿಸೋಕೆ ಬಂದರೆ "ಯೆಸ್ ಮೇಡಂ, ಇನ್ಮೇಲೆ ಇಲ್ಲ ಮೇಡಂ". ನಾನು ಮಾತಾಡಿದರೆ ಗೋಡೆ ಕಡೆ ಮುಖ. ಊರಿಂದ ಅಮ್ಮ ಫೋನ್ ಮಾಡಿ ಅತ್ತರೆ, ಫೋನ್ ನನ್ನ ಕೈಗೆ.

ಗುರುವಾರ ಮಧ್ಯಾಹ್ನ ಒಬ್ಬರು ಬಂದ್ರು. ಆವಡಿ ಕಡೆಯ ತಮಿಳರು, ರಿಟೈರ್ಡ್ ಸುಬೇದಾರ್, ಕುಡಿತ ಬಿಟ್ಟು 11 ವರ್ಷ. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದ್ರೆ ಎಎಯ ಸದಸ್ಯರು. ಡಾಕ್ಟರ್ ಮಾವನನ್ನ ಕೇಳಿ, ಒಪ್ಪಿದ ಮೇಲೆ ಕರೆಸಿದ್ದರು. ಅವರು ಕುಡಿತದ ಮಾತೇ ಎತ್ತಲಿಲ್ಲ. ಸ್ಟೂಲ್ ಎಳೆದು ಕೂತು ಕೇಳಿದ್ದು ಒಂದೇ: "ಕೌನ್ ಸಾ ಯೂನಿಟ್?"

ಮಾವ ಮಲಗಿದ್ದಲ್ಲೇ ಬೆನ್ನು ನೆಟ್ಟಗೆ ಮಾಡಿದ್ದನ್ನ ನಾನು ನೋಡಿದೆ. ಕನ್ನಡದ ಹವಾಲ್ದಾರ್, ತಮಿಳಿನ ಸುಬೇದಾರ್, ಇಬ್ಬರಿಗೂ ಸೇರೋ ಭಾಷೆ ಫೌಜಿ ಹಿಂದಿ. ಪೋಸ್ಟಿಂಗು, ಲಂಗರಿನ ಊಟ, ಚಳಿ, ಸತ್ತ ಗೆಳೆಯರು. ಇಪ್ಪತ್ತು ನಿಮಿಷ ಆದಮೇಲೆ ಸುಬೇದಾರ್ ಸಾಹೇಬರು ತಾವಾಗಿ ಹೇಳಿದರು, ತಾವೂ ಒಂದ್ಸಲ ಹೀಗೇ ಮಂಚಕ್ಕೆ ಕಟ್ಟಿಸಿಕೊಂಡಿದ್ದೆ ಅಂತ. ಮಾವ ಕೇಳಿದರು: "ಫಿರ್ ಕ್ಯಾ ಕಿಯಾ ಸಾಬ್?" ಆ ಐದು ದಿನದಲ್ಲಿ ಮಾವ ತಾವಾಗಿ ಕೇಳಿದ ಮೊದಲ ಪ್ರಶ್ನೆ ಅದು. ನಾನು ಎದ್ದು ಹೊರಗೆ ಹೋದೆ.

ಇದು ಯಾಕೆ ಕೆಲಸ ಮಾಡುತ್ತೆ?

ಈ ಪದ್ಧತಿ ಹುಟ್ಟಿದ್ದೇ ಆಸ್ಪತ್ರೆ ಮಂಚದ ಪಕ್ಕ. ಎಎ ಕಟ್ಟಿದವರಲ್ಲಿ ಒಬ್ಬರಾದ ಬಿಲ್ ವಿಲ್ಸನ್ ಮೊದಲ ಮಹಾಯುದ್ಧದ ಕಾಲದ ಸೇನಾಧಿಕಾರಿ. ಅವರು ಕುಡಿಯೋಕೆ ಶುರು ಮಾಡಿದ್ದು ಸೇನೆಯಲ್ಲಿದ್ದಾಗಲೇ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಡಾಕ್ಟರ್ ಬಾಬ್ ಎಂಬ ಇನ್ನೊಬ್ಬ ಕುಡುಕರ ಜೊತೆ ಸೇರಿದರು. ಇಬ್ಬರೂ ಅಲ್ಲಿನ ಸಿಟಿ ಆಸ್ಪತ್ರೆಗೆ ಹೋಗಿ, ನರ್ಸುಗಳ ಮೇಲೆ ಕೈಮಾಡಿ ಮಂಚಕ್ಕೆ ಕಟ್ಟಿಸಿಕೊಂಡಿದ್ದ ಬಿಲ್ ಡಾಟ್ಸನ್ ಎಂಬ ವಕೀಲರನ್ನ ಮಾತಾಡಿಸಿದರು. ಆ ವಕೀಲರೇ ಮೂರನೇ ಸದಸ್ಯ. ಎಎ ಭಾರತಕ್ಕೆ ಬಂದಿದ್ದು 1957ರಲ್ಲಿ, ದೆಹಲಿಗೆ.

ಅಮೆರಿಕದ ಮಾಜಿ ಸೈನಿಕರ ಇಲಾಖೆ ಇದನ್ನ ಸಂಬಳದ ಹುದ್ದೆಯಾಗಿಯೇ ಮಾಡಿದೆ. ಮಾನಸಿಕ ಸಮಸ್ಯೆಯಿಂದಲೋ ವ್ಯಸನದಿಂದಲೋ ಚೇತರಿಸಿಕೊಂಡ ಮಾಜಿ ಸೈನಿಕರಿಗೆ ತರಬೇತಿ ಕೊಟ್ಟು ಆಸ್ಪತ್ರೆಗಳಲ್ಲಿ ನೇಮಿಸ್ತಾರೆ. 2012ರಲ್ಲಿ ಅಧ್ಯಕ್ಷ ಒಬಾಮ ಇಂಥ 800 ಜನರನ್ನ 2013ರ ಕೊನೆಯೊಳಗೆ ನೇಮಿಸಿ ಅಂತ ಆದೇಶ ಹೊರಡಿಸಿದ್ದರು.

ನಮ್ಮಲ್ಲಿ ಇದರ ತುಣುಕುಗಳು ಬೇರೆ ಬೇರೆ ಕಡೆ ಇವೆ. ಇಲ್ಲೇ ಚೆನ್ನೈನಲ್ಲಿ, ಪ್ರೆಸ್ಟೀಜ್ ಕುಕ್ಕರಿನ ಟಿಟಿಕೆ ಮನೆತನದ ಟಿ.ಟಿ. ರಂಗನಾಥನ್ ಕುಡಿತದಿಂದ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಅವರ ಪತ್ನಿ ಶಾಂತಿ ರಂಗನಾಥನ್ ಅಮೆರಿಕದಲ್ಲಿ ತರಬೇತಿ ಪಡೆದು, 1980ರಲ್ಲಿ ಗಂಡನ ಹೆಸರಲ್ಲಿ ಚಿಕಿತ್ಸಾ ಸಂಸ್ಥೆ ಕಟ್ಟಿದರು. ಅಡ್ಯಾರ್ ಹತ್ತಿರ ಇಂದಿರಾ ನಗರದ ಟಿಟಿಕೆ ಆಸ್ಪತ್ರೆ ಅಂದ್ರೆ ಅದೇ. 1992ರಲ್ಲಿ ಪದ್ಮಶ್ರೀ ಬಂತು. ಮನೆಯವರಿಗೂ ಚಿಕಿತ್ಸೆಯಲ್ಲಿ ಪಾಲು ಇರಬೇಕು ಅನ್ನೋದು ಅಲ್ಲಿನ ಪದ್ಧತಿ.

ನಮ್ಮ ಊರ ಕಡೆಯವರಿಗೆ ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಗೊತ್ತೇ ಇರುತ್ತೆ. ಶಿಬಿರ ಮುಗಿಸಿದವರು ಆಮೇಲೆ ಸೇರೋ 'ನವಜೀವನ ಸಮಿತಿ' ಇದೆಯಲ್ಲ, ಅದೂ ಪೀರ್ ಸಪೋರ್ಟೇ. ಹೆಸರು ಹಾಗಿಲ್ಲ ಅಷ್ಟೆ. ಇನ್ನು ಗೋವಾದಲ್ಲಿ ಸಂಗಾತ್ ಸಂಸ್ಥೆಯವರು, ಡಾಕ್ಟರೂ ಅಲ್ಲದ ಮನಶ್ಶಾಸ್ತ್ರ ಓದಿದವರೂ ಅಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 377 ಗಂಡಸರ ಮೇಲೆ ಪ್ರಯೋಗ ಮಾಡಿದರು. ಹೆಚ್ಚೆಂದರೆ ನಾಲ್ಕು ಸಲದ ಮಾತುಕತೆ. ಮೂರು ತಿಂಗಳಲ್ಲಿ ಅಪಾಯದ ಮಟ್ಟದಿಂದ ಕೆಳಗೆ ಬಂದವರು 36%, ಮಾಮೂಲಿ ಆರೈಕೆ ಸಿಕ್ಕವರಲ್ಲಿ 26%. 2017ರ ಲ್ಯಾನ್ಸೆಟ್‌ನಲ್ಲಿ ಬಂದಿದೆ. ಡಿಗ್ರಿ ಇಲ್ಲದವರ ಮಾತಿಗೂ ತೂಕ ಇದೆ ಅಂತ ಇದರಿಂದ ಗೊತ್ತಾಗುತ್ತೆ.

ಮಿತಿಯನ್ನೂ ಹೇಳಬೇಕು. ಚಿಕ್ಕ ಮಾತುಕತೆ ಹೆಚ್ಚು ಕೆಲಸ ಮಾಡೋದು ಅಪಾಯದ ಮಟ್ಟಕ್ಕೆ ಕುಡಿಯೋರಿಗೆ. ಮಾವನ ಹಾಗೆ ಪೂರ್ತಿ ಅಂಟಿಕೊಂಡವರಿಗೆ ಅದೊಂದೇ ಸಾಲದು, ಗೋವಾದವರೂ ಅಂಥವರನ್ನ ತಜ್ಞರ ಹತ್ತಿರ ಕಳಿಸಿದರು. ಪೀರ್ ಆದವರು ಔಷಧಿ ಹೇಳಬಾರದು, ರೋಗಿಯ ಒಪ್ಪಿಗೆ ಇಲ್ಲದೆ ಬರಬಾರದು, ಕೇಳಿದ್ದನ್ನ ಹೊರಗೆ ಹೇಳಬಾರದು. ಅವರ ಕೆಲಸ ಮೂರೇ: ನಾಚಿಕೆಯ ಗೋಡೆ ಒಡೆಯೋದು, ಒಂದು ಫೋನ್ ನಂಬರ್ ಕೊಡೋದು, ಡಿಸ್ಚಾರ್ಜ್ ಆದಮೇಲೆ ಮೊದಲ ಮೀಟಿಂಗಿಗೋ ಕ್ಲಿನಿಕ್ಕಿಗೋ ಜೊತೆಗೆ ನಡೆಯೋದು. ಮೂರನೆಯದೇ ಮುಖ್ಯ. ಚೀಟಿ ಕೊಟ್ಟು "ಅಲ್ಲಿ ಹೋಗಿ" ಅಂದರೆ ಯಾರೂ ಹೋಗಲ್ಲ.

ಫೌಜಿಗೆ ಫೌಜಿಯೇ ಯಾಕೆ? ಮಾವನ ಮಾತಲ್ಲೇ ಹೇಳ್ತೀನಿ: "ರಿಟೈರ್ ಆದ ದಿನ ಪೆನ್ಶನ್ ಸಿಕ್ತು, ಯೂನಿಟ್ ಹೋಯ್ತು." ಎಲ್ಲ ಫೌಜಿಗಳೂ ಕುಡೀತಾರೆ ಅಂತ ನಾನು ಹೇಳ್ತಿಲ್ಲ, ಕ್ಯಾಂಟೀನ್ ಕೋಟಾದ ರಮ್ಮಿನದೇ ತಪ್ಪು ಅಂತಲೂ ಅಲ್ಲ. ಆದರೆ ಹೆದರಿಕೆ ಹೇಳಿಕೊಳ್ಳಬಾರದು ಅಂತ 24 ವರ್ಷ ಕಲಿತವರು, ಅಳಿಯನ ಮುಂದೆ ಹೇಳಿಕೊಳ್ಳಲ್ಲ. ತಮ್ಮಂಥವನೇ ಬಂದು ಮೊದಲು ಹೇಳಿಕೊಂಡರೆ, ಹೇಳ್ತಾರೆ.

ನಿಮ್ಮ ಮನೆಯವರಿಗೆ ಹೀಗಾದರೆ

ಡಾಕ್ಟರಿಗೆ ಮೂರು ವಿಷಯ ನಿಜ ಹೇಳಿ: ಎಷ್ಟು, ಎಷ್ಟು ದಿನಕ್ಕೊಮ್ಮೆ, ಕೊನೆಯದು ಎಷ್ಟು ಗಂಟೆಗೆ.

ಮಾಜಿ ಸೈನಿಕರಾದರೆ ಇಸಿಎಚ್ಎಸ್ ಕಾರ್ಡ್ ಜೊತೆಯಲ್ಲಿ ಇರಲಿ. 2003ರಲ್ಲಿ ಶುರುವಾದ ಯೋಜನೆ ಇದು. ಮಾಮೂಲಿಗೆ ಪಾಲಿಕ್ಲಿನಿಕ್ಕಿನಿಂದ ರೆಫರಲ್ ಬೇಕು, ಎಮರ್ಜೆನ್ಸಿಗೆ ನೇರವಾಗಿ ಹೋಗಿ ಪಾಲಿಕ್ಲಿನಿಕ್ಕಿಗೆ ತಕ್ಷಣ ತಿಳಿಸಬಹುದು. ಮಾವನ ಕಾರ್ಡು ಊರಿನ ಟ್ರಂಕಿನಲ್ಲಿತ್ತು!

ಮಾತಾಡೋಕೆ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡ್ತಾರೆ, ಹಗಲು ರಾತ್ರಿ. ವ್ಯಸನಮುಕ್ತಿಗೆ 14446. ಎಎ ಸದಸ್ಯರು ಕರೆದರೆ ಆಸ್ಪತ್ರೆಗೆ ಬರ್ತಾರೆ, ದುಡ್ಡು ತಗೊಳ್ಳಲ್ಲ. ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಗುಂಪು ಇದೆ. "ನಮ್ಮವರಿಗೆ ಫೌಜಿ ಯಾರಾದ್ರೂ ಇದ್ದಾರಾ?" ಅಂತ ಬಾಯಿಬಿಟ್ಟು ಕೇಳಿ.

ಕೊನೆಗೆ, ನನ್ನ ಅಂಕ

ಆಸ್ಪತ್ರೆಯಲ್ಲಿ ಕೇಳೋ ಮೂರು ಪ್ರಶ್ನೆಯ ಪರೀಕ್ಷೆ ಒಂದಿದೆ, ಆಡಿಟ್-ಸಿ ಅಂತ. ಎಷ್ಟು ದಿನಕ್ಕೊಮ್ಮೆ, ಒಂದು ಸಲಕ್ಕೆ ಎಷ್ಟು ಡ್ರಿಂಕ್, ಆರು ಅಥವಾ ಅದಕ್ಕಿಂತ ಹೆಚ್ಚು ಆಗೋದು ಎಷ್ಟು ಸಲ. ಒಂದೊಂದಕ್ಕೂ 0ರಿಂದ 4, ಒಟ್ಟು 12. ಗಂಡಸರಿಗೆ 4, ಹೆಂಗಸರಿಗೆ 3 ದಾಟಿದರೆ ಅಥವಾ ಮುಟ್ಟಿದರೆ ಎಚ್ಚರ. ಇಲ್ಲಿ ಡ್ರಿಂಕ್ ಅಂದ್ರೆ ಸುಮಾರು 10 ಗ್ರಾಂ ಆಲ್ಕೊಹಾಲ್, ಅಂದ್ರೆ 30 ಎಂಎಲ್ ರಮ್ಮು. ಹಾಗಾದರೆ 180ರ ಕ್ವಾರ್ಟರಿಗೆ ಆರು ಡ್ರಿಂಕ್. 650 ಎಂಎಲ್ ಸ್ಟ್ರಾಂಗ್ ಬಿಯರಿಗೆ ನಾಲ್ಕು.

ಮಾವನಿಗೆ 10 ಬಂತು. ಪಕ್ಕದಲ್ಲಿ ಕೂತು ನಾನೂ ಲೆಕ್ಕ ಹಾಕಿದೆ. ರಿಲೀಸ್ ಮುಗಿದ ಶನಿವಾರ, ತಿಂಗಳಿಗೆ ಎರಡು ಸಲ, ಎರಡು ಸ್ಟ್ರಾಂಗ್ ಬಾಟಲ್, "ಬರೀ ಬಿಯರ್ ತಾನೇ" ಅಂತ. ಎರಡು, ಮೂರು, ಎರಡು. ಒಟ್ಟು 7.

ಮಾವ ಚೀಟಿ ನೋಡಿ ನಕ್ಕು, "ಅರ್ಧ ದಾರಿ ಬಂದಿದ್ದೀಯ ಕಣೋ ಪುಟ್ಟ" ಅಂದ್ರು.

ಮಾವನ ಕತೆ ಮುಗಿದಿಲ್ಲ. ನಾಲ್ಕನೇ ತಿಂಗಳಲ್ಲಿ ಒಂದ್ಸಲ ಜಾರಿದ್ರು. ಮೊದಲ ಫೋನ್ ಹೋಗಿದ್ದು ನನಗಲ್ಲ, ಸುಬೇದಾರ್ ಸಾಹೇಬರಿಗೆ. ಸ್ವಲ್ಪ ಬೇಜಾರಾಯ್ತು, ಆಮೇಲೆ ಸರಿ ಅನ್ನಿಸ್ತು. ಈಗ ಮತ್ತೆ ಒಂಬತ್ತು ತಿಂಗಳಾಗಿದೆ. ಹೋದ ವಾರ ಪೆರುಂಗುಡಿ ಕಡೆಯ ಆಸ್ಪತ್ರೆಯೊಂದಕ್ಕೆ ಅವರ ಜೊತೆ ಮಾವನೂ ಹೋಗಿದ್ದರು, ಒಬ್ಬ ಮಾಜಿ ನಾಯಕ್‌ನನ್ನ ನೋಡೋಕೆ. ಏನು ಮಾತಾಡಿದ್ರಿ ಅಂತ ಕೇಳಿದೆ. ಅದನ್ನ ಹೇಳೋ ಹಾಗಿಲ್ಲವಂತೆ.

ನಿಮ್ಮ ಅಂಕ ನೀವೇ ಹಾಕಿ ನೋಡಿ, ಯಾರಿಗೂ ತೋರಿಸಬೇಕಿಲ್ಲ. ಮುಂದಿನ ಮಾತುಕತೆಯಲ್ಲಿ ಸಿಗೋಣ.